ಹಳೆ ವೈರು, ಹೊಸ ಪವರ್ ಸಪ್ಲೈ

ಬೆಳಗ್ಗೆ ಟಚಿಂಗಮ್ಮ ಕಂಪ್ಯೂಟರಿನ ಗುಂಡಿ ಒತ್ತಿದರು. ದೀಪ ಹತ್ತಲಿಲ್ಲ, ಫ್ಯಾನು ತಿರುಗಲಿಲ್ಲ. ಇನ್ನೊಮ್ಮೆ ಒತ್ತಿದರು. ಪೆಟ್ಟಿಗೆ ಕಮಕ್ ಕಿಮಕ್ ಅನ್ನಲಿಲ್ಲ.

ಬೀದಿಯವರು ಅವರಿಗೆ ಆ ಹೆಸರಿಟ್ಟು ನಲವತ್ತು ವರ್ಷವಾಗಿತ್ತು. ಗಂಡ ಸ್ಟುಡಿಯೋದಲ್ಲಿ ಫೋಟೊ ತೆಗೆದರೆ, ಇವರು ಕಿಟಕಿಯ ಬೆಳಕಿಗೆ ನೆಗೆಟಿವ್ ಹಿಡಿದು, ಚೂಪು ಪೆನ್ಸಿಲಿನಿಂದ ಮದುಮಗಳ ಮೊಡವೆ, ಮುದುಕರ ಸುಕ್ಕು ತಿದ್ದುತ್ತಿದ್ದರು. ಆ ಕೆಲಸಕ್ಕೆ ಟಚಿಂಗ್ ಎನ್ನುತ್ತಿದ್ದರು. ಆಮೇಲೆ ಕಂಪ್ಯೂಟರ್ ಬಂತು. ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂತು, ಮೌಸಿಗಾಗಿ ಜಗಳವಾಡುತ್ತ ಗಂಡ ಹೆಂಡತಿ ಇಬ್ಬರೂ ಕಲಿತರು. ಬೀದಿಯ ಮುಖಗಳನ್ನೆಲ್ಲ ಸ್ಕ್ಯಾನ್ ಮಾಡಿ ಅದರೊಳಗಿಟ್ಟರು. ಒಂದು ಮಳೆಗಾಲ ಮಾಳಿಗೆ ಸೋರಿ ನೆಗೆಟಿವ್‌ಗಳೆಲ್ಲ ಒಂದಕ್ಕೊಂದು ಅಂಟಿಹೋದವು. ಉಳಿದದ್ದು ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿದ್ದಷ್ಟೇ.

"ಪವರ್ ಸಪ್ಲೈ ಹೋಗಿರಬೇಕು" ಎಂದು ಗಂಡ ಅಂಗಡಿಗೆ ಹೋಗಿ ಹೊಸದು ತಂದರು. ಗೋಡೆಯ ಕರೆಂಟನ್ನು ಹದಕ್ಕೆ ತಂದು ಕಂಪ್ಯೂಟರಿನ ಒಳಗೆಲ್ಲ ಹಂಚುವ ಕಬ್ಬಿಣದ ಡಬ್ಬಿ ಅದು. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿ, ಒಳಗಿನ ಮುಖ್ಯ ಬೋರ್ಡಿನ ದೊಡ್ಡ ಪ್ಲಗ್ ಹಾಕಿದರು. ಡಿಸ್ಕಿಗೂ ಸಿಡಿ ರೈಟರಿಗೂ ಹೋಗುವ, ಡಬ್ಬಿಯಿಂದ ಕಳಚಿ ಬರುವ ಹಳೆಯ ವೈರನ್ನು ಮಾತ್ರ ಹಾಗೇ ಬಿಟ್ಟರು.

"ಹೊಸದರ ಜೊತೆ ಅದರದೇ ವೈರು ಕೊಟ್ಟಿದ್ದಾರಲ್ಲ ರೀ?"

"ಹಳೇದು ಒಳಗೆ ಚೆನ್ನಾಗಿ ಕಟ್ಟಿದೆ. ಅದನ್ಯಾಕೆ ಬಿಚ್ಚೋದು? ಈ ತುದಿ ಹೊಸ ಡಬ್ಬಿಗೆ ಸಿಕ್ಕಿಸಿದರಾಯ್ತು. ನೋಡು, ಅಳತೆ ತೆಗೆದು ಹೊಲಿದ ಹಾಗೆ ಕೂರುತ್ತೆ."

ಟಚಿಂಗಮ್ಮನಿಗೆ ಮನಸ್ಸು ಒಪ್ಪಲಿಲ್ಲ. "ಡಿಸ್ಕಿಗೆ ಈಗಲೇ ಬೇಡ. ಮೊದಲು ಸಿಡಿ ರೈಟರ್ ಒಂದಕ್ಕೇ ಕೊಟ್ಟು ನೋಡೋಣ" ಎಂದು ಡಿಸ್ಕಿನ ಪ್ಲಗ್ಗನ್ನು ತಾವೇ ಬಿಡಿಸಿಟ್ಟರು.

ಗಂಡ ಹಳೆಯ ವೈರನ್ನೇ ಹೊಸ ಡಬ್ಬಿಗೆ ಸಿಕ್ಕಿಸಿ ಸ್ವಿಚ್ ಹಾಕಿದ್ದೇ ತಡ, ಟಪ್ ಎಂದಿತು. ಸಿಡಿ ರೈಟರಿನಿಂದ ನೂಲಿನಂಥ ಹೊಗೆ ಎದ್ದಿತು. ಎಷ್ಟೋ ಮದುವೆಗಳ ಸಿಡಿ ಬರೆದುಕೊಟ್ಟ ಯಂತ್ರ. ಅದು ಬರೆದು ಮುಗಿಸುವವರೆಗೆ ಜನ ಬೆಂಚಿನ ಮೇಲೆ ಕೂತು ಹರಟುತ್ತಿದ್ದರು. ಗಂಡ ಗೋಡೆಯ ಪ್ಲಗ್ ಕಿತ್ತರು. ಡಿಸ್ಕಿಗೂ ಕೊಟ್ಟಿದ್ದರೆ ಎಂದು ನೆನೆದು ಟಚಿಂಗಮ್ಮ ಬಿಡಿಸಿಟ್ಟ ಪ್ಲಗ್ಗನ್ನು ಡಿಸ್ಕಿನಿಂದ ಇನ್ನಷ್ಟು ದೂರ ಸರಿಸಿದರು.

ಎದುರು ಮನೆಯಲ್ಲಿ ರೇಡಿಯೋ ರಿಪೇರಿಯವಳಿದ್ದಳು. ಕರೆದ ಕೂಡಲೇ ಮೀಟರ್ ಹಿಡಿದು ಬಂದಳು. ಗೋಡೆಯ ಪ್ಲಗ್ ಕಿತ್ತಿದೆಯೇ ಎಂದು ಮೊದಲು ನೋಡಿದಳು. ಆಮೇಲೆ ಹಳೆಯ ವೈರನ್ನು ಕೈಗೆತ್ತಿಕೊಂಡಳು.

"ಚಿಕ್ಕಪ್ಪ, ಡಿಸ್ಕಿಗೆ ಹೋಗೋ ತುದಿ ಎಲ್ಲ ಕಂಪನಿಯದೂ ಒಂದೇ. ಡಬ್ಬಿ ಕಡೆ ತುದಿ ಒಬ್ಬೊಬ್ಬರದು ಒಂದೊಂದು. ಐದು ವೋಲ್ಟ್ ಬರೋ ಜಾಗದಲ್ಲಿ ಹನ್ನೆರಡು ಬಂದರೆ ಸುಡದೆ ಇರುತ್ತಾ?"

"ಸರಿಯಾಗೇ ಕೂತಿತ್ತಲ್ಲಮ್ಮ."

"ಬೆಳ್ಳಗಿರೋದೆಲ್ಲ ಹಾಲಲ್ಲ ಚಿಕ್ಕಪ್ಪ."

"ಕ್ಯಾಮರಾನೇ ಬಿಚ್ಚಿ ಕಟ್ಟಿದವನು ನಾನು. ವೈರುಗಳಿಗೂ ಇಷ್ಟು ಜಂಬ ಇರುತ್ತೆ ಅಂತ ಗೊತ್ತಿರಲಿಲ್ಲ."

ಅವಳು ಮೀಟರ್ ಇಟ್ಟು ನೋಡಿದಳು. ಹೊಸ ಡಬ್ಬಿ ತಾನಾಗೇ ಆಫ್ ಆಗಿ ಬದುಕಿಕೊಂಡಿತ್ತು. ಹಳೆಯದರ ಚೀಟಿಯಲ್ಲಿದ್ದ ವ್ಯಾಟ್ ಓದಿ, ಹೊಸದರದ್ದು ಅದಕ್ಕಿಂತ ಕಡಿಮೆಯಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಗಂಡ ಹಳೆಯ ಡಬ್ಬಿಯ ಸ್ಕ್ರೂಗೆ ಕೈಹಾಕಿದಾಗ ತಡೆದಳು. "ಅದನ್ನ ಮಾತ್ರ ತೆರೀಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಉಳಿದಿರುತ್ತೆ."

ಬೋರ್ಡಿಗೆ ಇನ್ನೊಂದು ಪ್ಲಗ್ ಬೇಕಿತ್ತು. ಹೊಸ ವೈರುಗಳಲ್ಲಿ ಎಂಟು ತೂತಿನವು ಎರಡು, ಅವಳಿ ಜವಳಿಯಂತೆ ಇದ್ದವು. "ಚಿಕ್ಕಮ್ಮ, ಟಚಿಂಗ್ ಮಾಡಿದ ಕಣ್ಣು ನಿಮ್ಮದು. ಮೇಲೆ ಏನಿದೆ ಓದಿ."

ಟಚಿಂಗಮ್ಮ ಕನ್ನಡಕ ಸರಿಮಾಡಿಕೊಂಡರು. "ಒಂದರಲ್ಲಿ ಸಿಪಿಯು ಅಂತಿದೆ. ಇನ್ನೊಂದರಲ್ಲಿ ಪಿಸಿಐ-ಇ."

"ಸಿಪಿಯು ಅಂತ ಇರೋದೇ ಬೇಕು. ಇನ್ನೊಂದು ಗ್ರಾಫಿಕ್ಸ್ ಕಾರ್ಡಿನದು."

"ಬೋರ್ಡಿನಲ್ಲಿ ನಾಲ್ಕೇ ತೂತಿದೆ ಕಣೇ." ಅವರು ಪ್ಲಗ್ಗನ್ನು ಬೆಳಕಿಗೆ ತಿರುಗಿಸಿದರು. "ತಡಿ, ಮಧ್ಯೆ ಸೀಳಿದೆ. ಇದು ಎರಡು ಭಾಗ."

ಅವರೇ ಬಿಡಿಸಿ, ಕೊಂಡಿ ಯಾವ ಕಡೆಯಿದೆ ನೋಡಿ, ಅರ್ಧ ಭಾಗವನ್ನು ಕೂರಿಸಿದರು. ಬಲವಂತ ಬೇಕಾಗಲಿಲ್ಲ. ಕಟ್ ಎಂದು ಕೂತಿತು. ಡಿಸ್ಕಿಗೆ ಹೊಸದರದೇ ವೈರು ಹಾಕಿದರು.

ಗುಂಡಿ ಒತ್ತಿದಾಗ ಫ್ಯಾನು ತಿರುಗಿತು. ಫೋಟೊಗಳು ಒಂದೊಂದಾಗಿ ತೆರೆದುಕೊಂಡವು: ಸೈಕಲ್ ಅಂಗಡಿಯವನು ಮೀಸೆ ಬರುವ ಮೊದಲು, ಈಗಿಲ್ಲದ ಬೇಕರಿಯ ಮುಂದೆ ಸಾಲುನಿಂತವರು. ಒಂದು ಫೋಟೊ ಬಂದಾಗ ರಿಪೇರಿಯವಳು ತಡೀರಿ ಎಂದು ಕೈ ಅಡ್ಡ ಹಿಡಿದಳು. ನಲ್ಲಿಯ ಬಳಿ ಒಬ್ಬ ಹೆಂಗಸು ಬಾಯಿ ತುಂಬ ನಗುತ್ತಿದ್ದಳು.

"ಅಮ್ಮ" ಎಂದಳು. "ನಮ್ಮನೇಲಿ ಅಮ್ಮ ನಗೋ ಫೋಟೊ ಒಂದೂ ಇಲ್ಲ."

ಟಚಿಂಗಮ್ಮ ಆ ಫೋಟೊವನ್ನು ತೆರೆ ತುಂಬ ದೊಡ್ಡದು ಮಾಡಿದರು. ಮಧ್ಯಾಹ್ನವೇ ಗಂಡ ಇನ್ನೊಂದು ಡಿಸ್ಕ್ ತಂದು ಎಲ್ಲವನ್ನೂ ನಕಲು ಮಾಡಲು ಹಚ್ಚಿದರು. ಹಳೆಯ ವೈರುಗಳನ್ನು ಕಂತೆ ಕಟ್ಟಿ, ಹಳೆಯ ಡಬ್ಬಿಗೇ ಸುತ್ತಿ, ಚೀಟಿ ಅಂಟಿಸಿದರು: "ಇದರದು ಇದಕ್ಕೇ. ನಾನು ಕೇಳಿದರೂ ಕೊಡಬೇಡಿ."

ನಿಮ್ಮ ಮನೆಯ ಕಂಪ್ಯೂಟರಿನಲ್ಲೂ ಹೀಗೆ ಯಾರೋ ನಗುತ್ತಿರಬಹುದು. ಪವರ್ ಸಪ್ಲೈ ಬದಲಿಸುವಾಗ ಮೊದಲು ಗೋಡೆಯ ಪ್ಲಗ್ ಕೀಳಿ. ವ್ಯಾಟ್ ನೋಡಿ, ಪ್ಲಗ್ಗಿನ ಮೇಲಿನ ಅಕ್ಷರ ಓದಿ, ತೂತು ಎಣಿಸಿ. ಹೊಸ ಡಬ್ಬಿಗೆ ಅದರದೇ ವೈರು ಹಾಕಿ. ಸಂಶಯ ಬಂದರೆ ಕೈ ತಡೆದು ತಿಳಿದವರನ್ನು ಕೇಳಿ. ಡಬ್ಬಿ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಆ ನಗು ಸಿಗುವುದಿಲ್ಲ. ಅದರ ಒಂದು ನಕಲನ್ನು ಇವತ್ತೇ ಬೇರೆ ಕಡೆ ಇಡಿ.