ಆರು ಹಾಡಿನ ಕ್ಯಾಸೆಟ್

ನನ್ನ ಹಾಡನ್ನು ಮೂವತ್ತು ಸಾವಿರ ಜನ ಕೇಳಿದ್ದಾರೆ ಎಂದು ಕೀರ್ತನಾ ಹೇಳಿದಾಗ ನನಗೆ ಖುಷಿಯಾಗಲಿಲ್ಲ, ಮೈ ಉರಿಯಿತು. ಬೇಕಾಗಿದ್ದಾಗ ಮೂವತ್ತು ಜನ ಕೇಳಿದ್ದರೆ ಸಾಕಿತ್ತು.

ಈ ಹುಡುಗಿ ಯಾರೂ ಕೇಳದ ಹಳೆಯ ಕ್ಯಾಸೆಟ್‌ಗಳನ್ನು ಹುಡುಕಿ ಇಂಟರ್‌ನೆಟ್ಟಿಗೆ ಹಾಕುವವಳು. ೧೯೮೮ರಲ್ಲಿ ನಾನು ಮಾಡಿದ್ದ ನಾಲ್ಕು ಹಾಡಿನ ಕ್ಯಾಸೆಟ್ ಅವಳಿಗೆ ಸಂಡೇ ಬಜಾರಿನ ರಾಶಿಯಲ್ಲಿ ಸಿಕ್ಕಿತ್ತು. ಕವರಿನ ಮೇಲಿದ್ದ ವಿಳಾಸ ಹಿಡಿದು ಶ್ರೀಗಂಧದ ಕಾವಲಿನ ನಮ್ಮ ಮನೆಗೇ ಬಂದಿದ್ದಳು.

ಆಗ ನಾನು ರಾಜಾಜಿನಗರದ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಗಣೇಶನ ಪೆಂಡಾಲಿನಲ್ಲಿ ಸಿನಿಮಾ ಹಾಡು, ಮನೆಗೆ ಬಂದರೆ ನನ್ನದೇ ಹಾಡು. ತಬಲಾ ಇಲ್ಲ, ಪಿಟೀಲು ಇಲ್ಲ. ಬರೀ ಕೀಬೋರ್ಡು, ರಿದಂ ಮಷೀನು, ನನ್ನ ಗಂಟಲು. ಕೋಳಿ ಕುತ್ತಿಗೆ ಹಿಸುಕಿದ ಹಾಗಿದೆ ಎಂದು ಊರವರು ನಕ್ಕರು. ಅದನ್ನೇ ಇವಳು ಕಾಲಕ್ಕಿಂತ ಮುಂದಿತ್ತು ಎನ್ನುತ್ತಾಳೆ.

"ಸಾರ್, ಬೇರೆ ಏನಾದ್ರೂ ಮಾಡಿದ್ರಾ?"

ಮಾಡಿದ್ದೆ. ಇನ್ನೂ ಆರು ಹಾಡು, ಆ ನಾಲ್ಕಕ್ಕೂ ಅಪ್ಪನಂಥವು. ಇದ್ದದ್ದು ಒಂದೇ ಕ್ಯಾಸೆಟ್. ಅದರ ಮೇಲೆ ನಮ್ಮಣ್ಣ ನಂಜುಂಡಪ್ಪ ಪಂಚಾಯ್ತಿ ರೆಕಾರ್ಡ್ ಮಾಡಿಬಿಟ್ಟ.

೧೯೯೧ರಲ್ಲಿ ಅಪ್ಪನ ಜಾಗ ನಮ್ಮಿಬ್ಬರಿಗೆ ಪಾಲಾಯಿತು. ನಡುಗೋಡೆ ಎರಡಡಿ ಆಚೆಗೋ ಈಚೆಗೋ ಎಂದು ಜಗಳ. ಹಿರಿಯರನ್ನು ಕೂರಿಸಿದೆವು. ನಾಳೆ ಯಾರೂ ಮಾತು ತಿರುಗಿಸಬಾರದೆಂದು ನನ್ನ ಟೇಪ್‌ರೆಕಾರ್ಡರನ್ನು ಮಧ್ಯೆ ಇಟ್ಟೆವು. ಮನೆಯಲ್ಲಿ ಖಾಲಿ ಕ್ಯಾಸೆಟ್ ಇರಲಿಲ್ಲ. ಪಂಚಾಯ್ತಿ ಮುಗಿಯುವಷ್ಟರಲ್ಲಿ ನನ್ನ ಆರು ಹಾಡೂ ಮುಗಿದಿದ್ದವು. ಸಾಕ್ಷಿಗಿರಲಿ ಎಂದು ಅಣ್ಣ ಕ್ಯಾಸೆಟ್ ತಾನೇ ಇಟ್ಟುಕೊಂಡ.

ಆಮೇಲೆ ನಾನು ಕೀಬೋರ್ಡ್ ಮುಟ್ಟಲಿಲ್ಲ, ಅಣ್ಣನ ಜೊತೆ ಮಾತೂ ಬಿಟ್ಟೆ. ಸಂಗೀತ ಯಾಕೆ ಬಿಟ್ಟೆ ಕಾಂತರಾಜು ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟೆ: ಒಡಹುಟ್ಟಿದವನೇ ಅಳಿಸಿ ಹಾಕಿದ. ಎರಡು ವರ್ಷದ ಹಿಂದೆ ಅವನು ಸತ್ತ. ಗೋಡೆಯಾಚೆ ಹೆಂಗಸರ ಅಳು ಕೇಳುತ್ತಿತ್ತು. ನಾನು ಮಣ್ಣಿಗೂ ಹೋಗಲಿಲ್ಲ.

ಇದನ್ನೆಲ್ಲ ಕೀರ್ತನಾಗೂ ಹೇಳಿದೆ. "ಕೊನೇಲಿ ಸ್ವಲ್ಪ ಉಳಿದಿರಬಹುದು ಸಾರ್," ಎಂದವಳೇ ಎದ್ದು ಪಕ್ಕದ ಅಣ್ಣನ ಮನೆಗೆ ಹೋದಳು. ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಸೆ ಹುಟ್ಟಿತ್ತು.

ಅತ್ತಿಗೆ ಚಿಕ್ಕಲಕ್ಷ್ಮಮ್ಮನೇ ಕ್ಯಾಸೆಟ್ ಹಿಡಿದುಕೊಂಡು ಬಂದರು. ಅವರು ನಮ್ಮ ಹೊಸ್ತಿಲು ತುಳಿದು ಎಷ್ಟು ಕಾಲವಾಗಿತ್ತೋ. ಕುರ್ಚಿಯ ತುದಿಯಲ್ಲಿ ಕೂತರು. ಕೀರ್ತನಾ ತಾನು ತಂದಿದ್ದ ಪ್ಲೇಯರಿಗೆ ಹಾಕಿ ಗುಂಡಿ ಒತ್ತಿದಳು.

ಕರಕರ ಸದ್ದು. ಆಮೇಲೆ ಅಣ್ಣನ ದನಿ.

"ಏಯ್, ಅದು ನಿನ್ನ ಹಾಡಿನ ಕ್ಯಾಸೆಟ್ ಕಣೋ! ತೆಗಿ, ತೆಗಿ. ಐದ್ ನಿಮಿಷ ಇರು, ಅಂಗಡಿಗೆ ಹೋಗಿ ಹೊಸದು ತರ್ತೀನಿ."

"ಏನೂ ಬೇಡ. ಆ ಹಾಡೇನು ಹೊಟ್ಟೆಗೆ ಅನ್ನ ಹಾಕುತ್ತಾ? ಒತ್ತಿದೀನಿ, ಓಡ್ಲಿ ಬಿಡು. ನೀನು ಗೋಡೆ ಮಾತಾಡು."

ಆ ಎರಡನೆಯ ದನಿ ನನ್ನದು.

ಸುಳ್ಳು ಎನ್ನೋಣವೆಂದರೆ ನನ್ನದೇ ಬಾಯಿ. ಸಿಟ್ಟಿನಲ್ಲಿ ಗುಂಡಿ ಒತ್ತಿದವನು ನಾನು, ಆಮೇಲೆ ಒತ್ತಿದ ಕೈ ಅಣ್ಣನದು ಅಂದುಕೊಂಡವನೂ ನಾನು. ಹೇಳಿ ಹೇಳಿ ನನಗೇ ಅದು ನಿಜವಾಗಿಬಿಟ್ಟಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಅನ್ನುತ್ತಾರೆ. ನಾನು ಕೊಯ್ದುಕೊಂಡಿದ್ದಲ್ಲದೆ ಚಾಕುವನ್ನು ಅವನ ಕೈಗೆ ಕೊಟ್ಟಿದ್ದೆ.

"ಅತ್ತಿಗೆ, ಇದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಒಂದ್ಸಲ ಹೋಗಿ ಕೇಳಿಸಿ ಅಂತ ಎಷ್ಟು ಬಡ್ಕೊಂಡೆ. 'ಬೇಡ ಕಣೇ, ನನ್ನ ಬೈಕೊಂಡು ಹೆಂಗೋ ಬದುಕವ್ನೆ. ತಾನೇ ಅಳಿಸಿದ್ದು ಅಂತ ಗೊತ್ತಾದ್ರೆ ತಡ್ಕೊಳಲ್ಲ' ಅಂತಿದ್ರು."

ಕೀರ್ತನಾ ಪ್ಲೇಯರನ್ನೇ ನೋಡುತ್ತಾ ಕೂತಿದ್ದಳು. ಕೊನೆಯವರೆಗೂ ಕೇಳಿದೆವು, ಒಂದು ಸ್ವರವೂ ಉಳಿದಿರಲಿಲ್ಲ. "ಇನ್ನೊಂದು ಸೈಡ್ ನೋಡ್ಲಾ ಸಾರ್?" ಎಂದು ಮೆಲ್ಲಗೆ ಕೇಳಿದಳು. ಹ್ಞೂಂ ಅಂದೆ.

ತಿರುಗಿಸಿ ಹಾಕಿದಳು. ಅಲ್ಲೂ ನಾನೇ ಕೂಗಾಡುತ್ತಿದ್ದೆ.