ನಿಂತ ಗಡಿಯಾರದ ಗುಟ್ಟು

ನನ್ನ ಗಂಡ ಗಡಿಯಾರ ರಿಪೇರಿಯವರು. ಇಪ್ಪತ್ತೆಂಟು ವರ್ಷದಿಂದ ಒಂದೇ ಬಾಡಿಗೆ ಮಳಿಗೆ, ಒಂದೇ ಕಿಟಕಿ, ಕಿಟಕಿಯ ಕೆಳಗೆ ಒಂದೇ ಮೇಜು. ಚಿಮುಟ ಎಲ್ಲಿದೆ, ಎಣ್ಣೆಯ ಸೂಜಿ ಎಲ್ಲಿದೆ ಎಂಬುದು ಅವರ ಕಣ್ಣಿಗಿಂತ ಕೈಗೇ ಚೆನ್ನಾಗಿ ಗೊತ್ತು. ಕಣ್ಣಿನ ಡಾಕ್ಟರು ನಿನ್ನೆ ನನ್ನನ್ನು ಪಕ್ಕಕ್ಕೆ ಕರೆದು, ಆಪರೇಷನ್ ಆದರೂ ನೋಟ ಮೊದಲಿನಷ್ಟು ಬರಲಾರದು, ಕೈಗೆ ಪಳಗಿದ ಜಾಗದಲ್ಲಾದರೆ ಕೆಲಸ ಮಾಡಿಕೊಂಡು ಹೋಗಬಹುದು ಎಂದಿದ್ದರು. ಹಾಗಾಗಿ ಇವತ್ತು ಮಧ್ಯಾಹ್ನ ಮೂರಕ್ಕೆ, ನಾನೊಬ್ಬಳೇ ಮಳಿಗೆಯಲ್ಲಿದ್ದಾಗ, ಅದರ ಮಾಲೀಕ ಬಂದು, ಇದನ್ನು ಮಾರಿಬಿಡುತ್ತಿದ್ದೇನೆ ಎಂದಾಗ ನನ್ನ ಕಣ್ಣು ಮೊದಲು ಹೋದದ್ದು ಆ ಮೇಜಿನ ಕಡೆಗೆ.

ಮನುಷ್ಯ ಕೆಟ್ಟವನಲ್ಲ, ಆದರೆ ಅವಸರದ ಆಸಾಮಿ. ಮೂರೂವರೆಗೆ ಅವನನ್ನು ಕರೆದೊಯ್ಯಲು ಕಾರು ಬರುತ್ತದಂತೆ. ಅಷ್ಟರೊಳಗೆ ಮುಂಗಡ ಬಂದರೆ ಮಳಿಗೆ ನಮಗೆ, ಇಲ್ಲದಿದ್ದರೆ ಎದುರಿನ ಚಪ್ಪಲಿ ಅಂಗಡಿಯವರಿಗೆ. ನಿಮ್ಮ ಯಜಮಾನರ ಹತ್ತಿರ ಕ್ರಿಪ್ಟೊ ಇದೆಯಲ್ಲ, ಅದರಲ್ಲೇ ಕೊಡಿ, ನನಗೂ ಅದೇ ಬೇಕು ಎಂದು ಹೇಳಿ, ಅದನ್ನು ಕಳಿಸಬೇಕಾದ ವಿಳಾಸವನ್ನು, ಅಕ್ಷರ ಅಂಕಿಗಳ ಒಂದು ಉದ್ದ ಸಾಲನ್ನು, ನನ್ನ ಫೋನಿಗೆ ಕಳುಹಿಸಿ ಹೊರಗೆ ಮೆಟ್ಟಿಲ ಮೇಲೆ ಕುಳಿತ.

ಅದು ಇರುವುದೇನೋ ನಿಜ. ಏಳು ವರ್ಷದಿಂದ ಇವರು ತಿಂಗಳಿಗಿಷ್ಟು ಎಂದು ಆ ಇಂಟರ್ನೆಟ್ ನಾಣ್ಯ ಕೊಂಡು ಒಂದು ಪುಟ್ಟ ಯಂತ್ರದಲ್ಲಿ ಕೂಡಿಟ್ಟಿದ್ದಾರೆ. ಹಾರ್ಡ್‌ವೇರ್ ವಾಲೆಟ್ ಅಂತೆ. ಹೆಬ್ಬೆರಳಿನಷ್ಟುದ್ದ, ಉಗುರಿನಷ್ಟು ಪರದೆ, ಎರಡು ಗುಂಡಿ. ನಾನು ಅದನ್ನು ಹಲ್ಲುಕಡ್ಡಿ ಡಬ್ಬಿ ಎಂದೇ ಕರೆದು ಅವರನ್ನು ಆಡಿಕೊಂಡು ನಕ್ಕವಳು. ಇವತ್ತು ಅದೇ ಡಬ್ಬಿಯನ್ನು ಮೇಜಿನ ಡ್ರಾಯರಿನಿಂದ ತೆಗೆದು ಸೆರಗಿನಿಂದ ಒರೆಸಿದೆ.

ಆಸ್ಪತ್ರೆಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಆಪರೇಷನ್ ಬೆಳಿಗ್ಗೆಯೇ ಮುಗಿದಿತ್ತು. ಅವರನ್ನು ಬೋರಲು ಮಲಗಿಸಿದ್ದರು, ತಲೆ ಎತ್ತುವ ಹಾಗಿಲ್ಲ. ಸುದ್ದಿ ಕೇಳಿದ ಕೂಡಲೇ ಅವರ ದನಿಗೆ ಜೀವ ಬಂತು. ಆ್ಯಪ್ ಇಳಿಸಿಕೋ ಎಂದರು, ಇಳಿಸಿಕೊಂಡೆ. ತಂತಿಯ ಒಂದು ತುದಿ ಡಬ್ಬಿಗೆ, ಇನ್ನೊಂದು ಫೋನಿಗೆ ಎಂದರು, ಚುಚ್ಚಿದೆ. ಉಗುರು ಪರದೆ ಬೆಳಗಿ, ನಾಲ್ಕು ಅಂಕಿಯ ಪಿನ್ ಕೇಳಿತು.

ಪಕ್ಕದ ಹಾಸಿಗೆಯವರಿಗೆ ಕೇಳಿಸಬಾರದೆಂದು ಇವರು ಪಿಸುಗುಟ್ಟಿದರು. "ಎದುರು ಗೋಡೆ ಮೇಲೆ ಓಡದ ಗಡಿಯಾರ ಇದೆಯಲ್ಲ, ಅದರಲ್ಲಿ ಎಷ್ಟಾಗಿದೆಯೋ ಅದನ್ನೇ ಒತ್ತು."

ಎಂಥ ಜಾಣ ನನ್ನ ಗಂಡ ಎಂದು ಹಿಗ್ಗಿದೆ. ಹನ್ನೆರಡು ನಲವತ್ತೊಂದು. ಎಡಗುಂಡಿ ಬಲಗುಂಡಿ ಒತ್ತಿ ಒಂದೊಂದೇ ಅಂಕಿ ಕೂರಿಸಿದೆ. ತಪ್ಪು ಎಂದಿತು. ಇನ್ನು ಎರಡೇ ಅವಕಾಶ ಎಂದೂ ಹೇಳಿತು.

ಮೂರು ಸಲ ತಪ್ಪಿದರೆ ಯಂತ್ರ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ ಎಂದು ಅವರು ಆಗ ಬಾಯಿ ಬಿಟ್ಟರು. ದುಡ್ಡು ಮುಳುಗುವುದಿಲ್ಲ, ವಾಪಸು ಪಡೆಯುವ ಇಪ್ಪತ್ನಾಲ್ಕು ಪದಗಳು ಬ್ಯಾಂಕಿನ ಲಾಕರಿನಲ್ಲಿವೆ. ಆದರೆ ಲಾಕರ್ ತೆಗೆಯಲು ಅವರೇ ಹೋಗಬೇಕು, ಅವರು ಇನ್ನೂ ಒಂದು ವಾರ ಬೋರಲು. ಅಷ್ಟರಲ್ಲಿ ಕಿಟಕಿಯ ಕೆಳಗೆ ಚಪ್ಪಲಿ ಜೋಡಿಸಿರುತ್ತಾರೆ.

ಆಗ ಕೇಳಿಸಿತು, ಎದುರು ಗೋಡೆಯಿಂದ ಟಿಕ್ ಟಿಕ್. ತಲೆ ಎತ್ತಿ ನೋಡಿದೆ, ಓಡದ ಗಡಿಯಾರ ಓಡುತ್ತಿತ್ತು.

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ನರ್ಸಮ್ಮ ಫೋನ್ ಮಾಡಿ, ಆಪರೇಷನ್ ಚೆನ್ನಾಗಿ ಆಯಿತು ಎಂದಿದ್ದರು. ಆ ಖುಷಿಗೆ ಏನು ಮಾಡಬೇಕೆಂದು ತಿಳಿಯದೆ ನಾನು ಸ್ಟೂಲು ಹತ್ತಿ, ಏಳು ವರ್ಷದಿಂದ ಸತ್ತು ಬಿದ್ದಿದ್ದ ಆ ಗಡಿಯಾರಕ್ಕೆ ಕೀಲಿ ಕೊಟ್ಟು ಲೋಲಕ ತಳ್ಳಿದ್ದೆ. ಇವರು ಮಳಿಗೆಗೆ ಮರಳಿ ಬಂದಾಗ ಅದು ಓಡುತ್ತಿರಲಿ ಎಂದು ನನ್ನ ಆಸೆ. ಮಾಡಿದ್ದನ್ನು ಒಪ್ಪಿಕೊಂಡೆ. ಇನ್ನೊಬ್ಬ ಗಂಡಸಾಗಿದ್ದರೆ ಕೂಗಾಡುತ್ತಿದ್ದ.

"ಮುಳ್ಳು ಮುಟ್ಟಿದೆಯಾ?" ಎಂದರು.

"ನಿಮ್ಮ ಗಡಿಯಾರದ ಮುಳ್ಳು ಮುಟ್ಟಿ ಬೈಸಿಕೊಂಡವಳು ನಾನು. ಮತ್ತೆ ಮುಟ್ತೀನಾ? ಕೀಲಿ ಕೊಟ್ಟೆ, ಅಷ್ಟೇ."

ಹಾಗಾದರೆ ಲೆಕ್ಕ ಸುಲಭ ಎಂದುಕೊಂಡೆವು. ಈಗ ಫೋನಿನಲ್ಲಿ ಮೂರು ಇಪ್ಪತ್ತು, ಅಂದರೆ ಗಡಿಯಾರ ಓಡಿದ್ದು ಐದು ಗಂಟೆ. ಗೋಡೆಯ ಮೇಲೆ ಹನ್ನೆರಡು ನಲವತ್ತೆಂಟು. ಐದು ಗಂಟೆ ಕಳೆದರೆ ಏಳು ನಲವತ್ತೆಂಟು. ಒತ್ತಿದೆ. ತಪ್ಪು. ಉಳಿದದ್ದು ಒಂದೇ ಅವಕಾಶ.

ಮಾಲೀಕ ಬಾಗಿಲಲ್ಲಿ ಇಣುಕಿ, ಕಾರು ತಿರುವಿಗೆ ಬಂತು ಎಂದ. ಐದು ನಿಮಿಷ ಬಾಯಿ ಮುಚ್ಚಿಕೊಂಡು ಕೂರಪ್ಪ ಎಂದು ಗದರಿಬಿಟ್ಟೆ. ಪಾಪ, ಕೂತ.

ನನಗೆ ಸಿಟ್ಟು ನೆತ್ತಿಗೇರಿತ್ತು. ಏಳು ವರ್ಷ ಎದುರಿಗೇ ಇದ್ದ ಗಡಿಯಾರದ ಹೊತ್ತು ನೆನಪಿಲ್ಲವೇ ನಿಮಗೆ ಎಂದು ಕೇಳಿದೆ. ಅವರು ನಿಧಾನವಾಗಿ ಹೇಳಿದರು. "ತಲೆ ಎತ್ತಿದ್ರೆ ಕಾಣೋದನ್ನ ನೆನಪಿಟ್ಟುಕೊಳ್ಳಲಿಲ್ಲ ಕಣೆ. ಕೂಡಿಡೋಕೆ ಪಿನ್ ಬೇಡ, ತೆಗೆಯೋಕೆ ಮಾತ್ರ ಬೇಕು. ಆಮೇಲೆ ಕಾಣೋದೇ ನಿಂತುಹೋಯ್ತು. ಎರಡು ವರ್ಷ ಆಯ್ತು, ಆ ಗೋಡೆ ನನಗೆ ಬರೀ ಮಂಜು. ನಿನಗೆ ಹೇಳಲಿಲ್ಲ."

ಸಿಟ್ಟೆಲ್ಲ ಇಳಿದುಹೋಯಿತು. ಎರಡು ವರ್ಷ ಈ ಮನುಷ್ಯ ನನ್ನೆದುರೇ ಕೂತು, ಕೈ ತಡವಿ ತಡವಿ ಕೆಲಸ ಮಾಡಿದ್ದಾರೆ. ನಾನು ಆ ಡಬ್ಬಿಯನ್ನು ನೋಡಿ ನಗುತ್ತಿದ್ದೆ. ಕಣ್ಣೊರೆಸಿಕೊಂಡೆ. ಅವರನ್ನು ನಗಿಸೋಣ ಎಂದು, ನನ್ನ ಕಣ್ಣೂ ಅಷ್ಟಕ್ಕಷ್ಟೇ ಬಿಡಿ, ಬೆಳಿಗ್ಗೆ ಸ್ಟೂಲು ಹತ್ತಿದಾಗ ಆ ಗಡಿಯಾರಕ್ಕೆ ಒಂದೇ ಮುಳ್ಳು ಕಂಡಿತು, ಇನ್ನೊಂದು ಮುರಿದು ಬಿದ್ದಿದೆ ಎಂದು ಕೆಳಗೆಲ್ಲ ಹುಡುಕಿದೆ ಎಂದೆ.

ಹಾಸಿಗೆ ಕಿರ್ರೆಂದಿತು. ತಲೆ ಎತ್ತಬೇಡಿ ಎಂದು ನರ್ಸಮ್ಮ ಬೈಯುವುದೂ ಕೇಳಿಸಿತು.

"ಒಂದರ ಮೇಲೊಂದು ಕೂತಿತ್ತಾ? ಪೂರ್ತಿ? ಏಳು ಎಂಟರ ನಡುವೆನಾ?"

"ಹೌದು, ಅಲ್ಲೇ ಕೆಳಗೆ, ಎಡಕ್ಕೆ."

"ಏಳರಿಂದ ಎಂಟರೊಳಗೆ ಮುಳ್ಳು ಕೂಡೋದು ಒಂದೇ ಸಲ. ಏಳು ಮೂವತ್ತೆಂಟು. ಒತ್ತು."

ಪಿಸುಮಾತು ಎಲ್ಲಿ ಹೋಯಿತೋ, ಇಡೀ ವಾರ್ಡಿಗೆ ಕೇಳಿಸಿರಬೇಕು. ಸೊನ್ನೆ, ಏಳು, ಮೂರು, ಎಂಟು. ಕಣ್ಣು ಮುಚ್ಚಿ ಎರಡೂ ಗುಂಡಿ ಒಟ್ಟಿಗೆ ಅದುಮಿದೆ. ಕಣ್ಣು ಬಿಟ್ಟರೆ ಡಬ್ಬಿ ತೆರೆದಿತ್ತು. ನಾನು ಒಬ್ಬಳೇ ಅಂಗಡಿಯಲ್ಲಿ ಕುಣಿದೆ.

ಕುಣಿಯೋದು ಆಮೇಲೆ, ಫೋನಿನ ಪರದೆ ನಂಬಬೇಡ, ಡಬ್ಬಿಯ ಪರದೆ ನೋಡು ಎಂದು ಅವರು ಎಚ್ಚರಿಸಿದರು. ಆ್ಯಪಿನಲ್ಲಿ ಮುಂಗಡದ ಮೊತ್ತ, ಅವನ ವಿಳಾಸ ಹಾಕಿ, ಮಾಲೀಕನನ್ನು ಒಳಗೆ ಕರೆದೆ. ಉಗುರು ಪರದೆಯ ವಿಳಾಸವನ್ನು ನಾನು ಒಂದೊಂದೇ ಅಕ್ಷರ ಓದಿದೆ, ಅವನು ತನ್ನ ಫೋನಿನಲ್ಲಿ ಬೆರಳಿಟ್ಟು ತಾಳೆ ನೋಡಿದ. ಕೊನೆಯ ಅಕ್ಷರವೂ ಸರಿಹೋದ ಮೇಲೆ ಎರಡೂ ಗುಂಡಿ ಒತ್ತಿದೆ. ಹೊರಗೆ ಕಾರು ಹಾರ್ನ್ ಹೊಡೆಯುತ್ತಿರುವಾಗಲೇ ಅವನ ಫೋನ್ ಟಿಣ್ ಎಂದಿತು. ಮುಂಗಡ ಬಂತು, ಮಳಿಗೆ ನಿಮ್ಮದೇ ಎಂದು ಚೀಟಿ ಬರೆದು, ಸಹಿ ಹಾಕಿ, ನನ್ನ ಕೈಗಿಟ್ಟು ಓಡಿದ.

ಮೇಜು ಉಳಿಯಿತು ಕಣ್ರೀ ಎಂದೆ. ಗಡಿಯಾರ ನಿಲ್ಲಿಸಲಾ ಎಂದು ಕೇಳಿದೆ. ಬೇಡ, ಪಿನ್ ಹೇಗೂ ಬದಲಿಸಬೇಕು, ಊರಿಗೆಲ್ಲ ಗೊತ್ತಾಯಿತು ಎಂದು ನಕ್ಕು, ಫೋನನ್ನು ಅದರ ಹತ್ತಿರ ಹಿಡಿ ಎಂದರು. ಸ್ಟೂಲು ಹತ್ತಿ ಹಿಡಿದೆ. ಒಂದು ನಿಮಿಷ ಪೂರ್ತಿ, ಉಸಿರೂ ಬಿಡದೆ ಕೇಳಿದರು.

"ಗಂಟೆಗೆ ಎರಡು ನಿಮಿಷ ಮುಂದೆ ಓಡ್ತಿದೆ, ಅದಕ್ಕೇ ನಮ್ಮ ಲೆಕ್ಕ ತಪ್ಪಿದ್ದು," ಎಂದರು. "ಬಂದು ಸರಿ ಮಾಡ್ತೀನಿ. ಚಿಮುಟ ಇಟ್ಟಲ್ಲೇ ಇರಲಿ."