ಅಮ್ಮನ ಎರಡು ದನಿ

ಅಮ್ಮನಿಗೆ ಎರಡು ದನಿ. ರೈಲು ನಿಲ್ದಾಣದ ಮೈಕಿನಲ್ಲಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ರೈಲುಗಳ ಸಮಯ ಸಾರುವುದು ಒಂದು. ಮನೆಯಲ್ಲಿ ಕಡ್ಡಿ ಮುರಿದಂತೆ ‘ಬೇಡ’ ಅನ್ನುವುದು ಇನ್ನೊಂದು. ಮಗಳ ಪಾಲಿಗೆ ಬಂದದ್ದು ಎರಡನೆಯದೇ.

ನಿನ್ನೆಯೂ ಅದೇ ಕಥೆ.

“ಬೇರೆ ಊರಿಗೆ ಹೋಗಿ ವಾಲಿಬಾಲ್ ಆಡೋದೇನೂ ಬೇಡ.”

“ನನ್ನ ಆಟ ಕಂಡ್ರೆ ನಿನಗಾಗಲ್ಲ, ಅಷ್ಟೇ.”

ಬಾಗಿಲು ದಢಾರನೆ ಮುಚ್ಚಿತ್ತು.

ಇವತ್ತು ಹುಡುಗಿ ಮನೆಯಲ್ಲಿ ಹೇಳದೆ, ಚೀಲ ಹೆಗಲಿಗೇರಿಸಿ, ತಂಡದ ಜೊತೆ ಎರಡನೇ ಪ್ಲಾಟ್‌ಫಾರಂನಲ್ಲಿ ನಿಂತಿದ್ದಳು. ಅಮ್ಮ ಕೂರುವ ನಿಲ್ದಾಣಕ್ಕೇ ಬಂದು ಅಮ್ಮನ ಕಣ್ಣು ತಪ್ಪಿಸುವುದು! ಹದಿನೈದರ ಬುದ್ಧಿ, ಇನ್ನೇನು. ಆದರೆ ಕೋಚ್ ಮೇಡಂ ಬಿಡಬೇಕಲ್ಲ.

“ಎಲ್ಲಿ ನಿಮ್ಮಮ್ಮ? ಅವರು ಹೂಂ ಅನ್ನದೆ ನಿನ್ನ ಹತ್ತಿಸಲ್ಲ.”

“ಬರ್ತಾರೆ ಮೇಡಂ,” ಸುಳ್ಳು ಹೇಳಿದಳು. ರೈಲು ಬಂದೇಬಿಟ್ಟಿತು.

“...ಎರಡನೇ ಪ್ಲಾಟ್‌ಫಾರಂನಿಂದ ಹೊರಡಲಿದೆ,” ಎಂದು ಮೈಕು ನಯವಾಗಿ ಮುಗಿಸಿತು. ಆದರೆ ಆರಲಿಲ್ಲ. ಗುಂಡಿ ಒತ್ತುವುದನ್ನು ಅಮ್ಮ ಮರೆತಿದ್ದಳು.

“ಅಲ್ನೋಡಪ್ಪಾ, ನನ್ನ ಮಗಳು. ಹೇಳ್ದೆ ಕೇಳ್ದೆ ಬಂದು ನಿಂತಿದ್ದಾಳೆ.” ಮನೆಯ ದನಿ ಈಗ ನಿಲ್ದಾಣವಿಡೀ ಮೊಳಗಿತು. “ಅವಳ ಆಟ ಕಂಡ್ರೆ ನನಗಾಗಲ್ವಂತೆ. ಮೈದಾನದ ಗೇಟ್ ಹಿಂದೆ ನಿಂತು ಒಂದೂ ಬಿಡದೆ ನೋಡಿದ್ದೀನಿ. ಅವಳು ಎಗರಿ ಚೆಂಡು ಬಡಿದ್ರೆ ನಾನೂ ಅಲ್ಲೇ ಎಗರಿರ್ತೀನಿ. ಹೋದ ಸಲ ಬಿದ್ದು ಕಾಲು ಮುರ್ಕೊಂಡ್ಳಲ್ಲ, ಆವಾಗಿಂದ ಹೆದರಿಕೆ. ಹೆದರಿಕೆ ಅಂತ ಹೇಳಕ್ಕೆ ಬರಲ್ಲ. ಬಾಯಿಗೆ ಬೇಡ ಅಂತಾನೇ ಬರತ್ತೆ.”

“ಅಕ್ಕಾ, ಮೈಕ್ ಆನ್ ಇದೆ,” ಎಂದಿತು ಒಂದು ಗಂಡುದನಿ. ಟಕ್.

ಪ್ಲಾಟ್‌ಫಾರಂ ತುಂಬಾ ನಗು. ಹುಡುಗಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಖುಷಿಗೆ ಮೈಯೆಲ್ಲ ಜುಮ್ಮೆಂದಿತು.

“ಇದರಲ್ಲಿ ಹೂಂ ಎಲ್ಲಿ ಬಂತು?” ಕೋಚ್ ನಗುತ್ತಲೇ ಕೇಳಿದರು.

ಇನ್ನೊಂದು ಸುಳ್ಳಿಗೆ ಅವಳಿಗೆ ಮನಸ್ಸಾಗಲಿಲ್ಲ. “ಬಂದಿಲ್ಲ ಮೇಡಂ. ನಾನು ಸರಿಯಾಗಿ ಕೇಳಲೂ ಇಲ್ಲ, ಜಗಳ ಆಡಿ ಬಂದೆ.”

ರೈಲು ಕೂಗಿತು. ಮೈಕಿನಲ್ಲಿ ಈಗ ಆ ಗಂಡುದನಿಯೇ ತಡವರಿಸುತ್ತಿತ್ತು: “ಮೂರನೇ... ಅಲ್ಲ, ಎರಡನೇ...” ಹಾಗಾದರೆ ಅಮ್ಮ ಎಲ್ಲಿ? ಹುಡುಗಿ ತಿರುಗಿ ನೋಡಿದಳು. ಮೇಲ್ಸೇತುವೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತಾ, ಬಿದ್ದೆನೋ ಕೆಟ್ಟೆನೋ ಎಂದು ಅಮ್ಮ ಓಡಿಬರುತ್ತಿದ್ದಳು.

“ಅಮ್ಮಾ, ಹೋಗ್ಲಾ?”

ಅಮ್ಮನಿಗೆ ಏದುಸಿರು. ಒಂದಕ್ಷರವೂ ಹೊರಡಲಿಲ್ಲ. ಮಗಳ ಬೆನ್ನಿಗೆ ಎರಡೂ ಕೈ ಹಚ್ಚಿ ಬೋಗಿಯೊಳಕ್ಕೆ ನೂಕಿದಳು.